ಭಾವನ ವ್ಯಾನಿನ ಹಿಂಬಾಗಿಲು

ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಹತ್ತೊಂಬತ್ತು ವರ್ಷ ಒಂದೇ ಕಂಪನಿಯ ವ್ಯಾನು ಓಡಿಸಿದವರು. ಅದರಲ್ಲಿ ಹೋಗುತ್ತಿದ್ದದ್ದು ಆಸ್ಪತ್ರೆಯ ಬಟ್ಟೆ. ಆಪರೇಷನ್ ಮಾಡುವಾಗ ಡಾಕ್ಟರು ತೊಡುವ ನಿಲುವಂಗಿ, ರೋಗಿಯ ಮೇಲೆ ಹೊದಿಸುವ ಹಸಿರು ಬಟ್ಟೆ. ಅವನ್ನು ಕಾರ್ಖಾನೆಯಲ್ಲಿ ಒಗೆದು, ಕಟ್ಟು ಕಟ್ಟಿ, ಟೇಪು ಹಚ್ಚಿ, ಆಳೆತ್ತರದ ಹಬೆ ಪೆಟ್ಟಿಗೆಯೊಳಗೆ ಬೇಯಿಸುತ್ತಾರೆ. ಟೇಪಿನ ಮೇಲೆ ಕಪ್ಪು ಗೆರೆ ಮೂಡಿದರೆ ಚೆನ್ನಾಗಿ ಬೆಂದಿದೆ ಅಂತ ಅರ್ಥ. ಆಮೇಲೆ ಆ ಟೇಪಿಗೆ ಕೈ ಹಚ್ಚಬೇಕಾದವರು ಆಪರೇಷನ್ ಥಿಯೇಟರಿನ ನರ್ಸಮ್ಮ ಮಾತ್ರ. ದಾರಿಯಲ್ಲಿ ಒಂದೇ ಒಂದು ಕಟ್ಟು ಬಿಚ್ಚಿದ್ದರೂ ಆಸ್ಪತ್ರೆಯವರು ಇಡೀ ಲೋಡು ವಾಪಸು ಕಳಿಸುತ್ತಾರೆ.

ಭಾವ ಈ ಕೆಲಸಕ್ಕೇ ಹುಟ್ಟಿದಂತಿದ್ದರು. ವ್ಯಾನು ಹತ್ತುವ ಮೊದಲು ಸೋಪು ಹಚ್ಚಿ ಕೈ ತೊಳೆಯುವ ಡ್ರೈವರನ್ನು ನಾನು ಬೇರೆ ಕಂಡಿಲ್ಲ. ಜೋರಾಗಿ ಮಾತಾಡಿದ್ದೂ ಕಂಡಿಲ್ಲ. ಮನೆಯಲ್ಲಿ ಬೆಕ್ಕು ಕುರ್ಚಿಯ ಮೇಲೆ ಮಲಗಿದ್ದರೆ ಅದನ್ನು ಎಬ್ಬಿಸದೆ ತಾವೇ ನೆಲದ ಮೇಲೆ ಕೂರುವ ಮನುಷ್ಯ. ನಾನು ತರಕಾರಿ ಟೆಂಪೋದವನು. ನನ್ನ ಬಾಯಿ ನನ್ನ ಹಾರ್ನಿಗಿಂತ ಜೋರು ಅಂತ ನನ್ನ ಹೆಂಡತಿಯೇ ಹೇಳುತ್ತಾಳೆ.

ಸೇತುವೆಯ ಹತ್ತಿರದ ಚೆಕ್‌ಪೋಸ್ಟಿಗೆ ಹೊಸ ದಫೇದಾರರು ಬಂದರು. ಮೊದಲನೇ ದಿನ ಭಾವನ ಕಾಗದ ಪತ್ರ ನೋಡಿ, "ಹಿಂದೆ ಏನಿದೆ? ನೋಡಬಹುದಾ?" ಅಂದರಂತೆ. "ನೋಡಿ ಸಾರ್," ಅಂತ ಭಾವ ತಾವೇ ಇಳಿದು ಹೋಗಿ ಬಾಗಿಲು ತೆಗೆದರು. ದಫೇದಾರರು ಹೆಬ್ಬೆರಳ ಉಗುರಿನಿಂದ ಟೇಪು ಸೀಳಿದರು. ಲೋಡು ವಾಪಸು.

ಈ ಮನುಷ್ಯ ಇಲ್ಲ ಅನ್ನುವುದಿಲ್ಲ ಅಂತ ಅವರಿಗೆ ಗೊತ್ತಾಗಿಹೋಯಿತು. ಮುಂದೆ ಹೋಗುವ ಹತ್ತು ಗಾಡಿ ಬಿಟ್ಟು ಇವರಿಗೇ ಕೈ ಅಡ್ಡ ಹಾಕುವುದು ಶುರುವಾಯಿತು. ಕಂಪನಿಯ ಪತ್ರ ತೋರಿಸಿದರೆ, "ಕಾಗದ ಯಾರು ಬೇಕಾದ್ರೂ ಬರೀತಾರೆ ಬಿಡಿ," ಅಂದರು. ಮೂರನೇ ಲೋಡು ವಾಪಸು ಬಂದ ದಿನ ಮ್ಯಾನೇಜರು ಭಾವನನ್ನು ಕರೆದು, "ಇನ್ನೊಂದು ಸಲ ಹೀಗಾದರೆ ಬೀಗದ ಕೈ ಇಲ್ಲಿಟ್ಟು ಹೋಗಿ," ಅಂದುಬಿಟ್ಟರು. ಬೇರೆ ದಾರಿಯಾದರೂ ಇದೆಯೇ ಅಂದರೆ, ಹೊಳೆಗೆ ಇದ್ದದ್ದು ಅದೊಂದೇ ಸೇತುವೆ.

ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುವುದು. ಅಕ್ಕ ಫೋನು ಮಾಡಿದರು. "ಅನ್ನ ಕಲಸ್ತಾರೆ, ಹಾಗೇ ಕೂತಿರ್ತಾರೆ. ಬಂದು ಏನಾದ್ರೂ ಮಾಡಪ್ಪ."

ನಾನು ನೆಟ್ಟಗೆ ನನಗೆ ಪರಿಚಯವಿದ್ದ ವಕೀಲರ ಗುಮಾಸ್ತನ ಹತ್ತಿರ ಹೋದೆ. ಅವನು ಬೆರಳು ಮಡಚುತ್ತಾ ಹೇಳಿದ. "ನಿಲ್ಲಿಸು ಅಂದ್ರೆ ನಿಲ್ಲಿಸಬೇಕು. ಲೈಸೆನ್ಸು, ಗಾಡಿ ಕಾಗದ ಕೊಡಲೇಬೇಕು. ಆದ್ರೆ ನೋಡಬಹುದಾ ಅಂತ ಕೇಳ್ತಾರಲ್ಲ, ಅದು ಬರೀ ಕೇಳಿದ್ದು. ಬೇಡ ಅನ್ನಬಹುದು. ಕಾರಣ ಇದೆ, ತೆಗಿ ಅಂತ ಹುಕುಂ ಮಾಡಿದ್ರೆ ಮಾತ್ರ ಅಡ್ಡ ನಿಲ್ಲಬೇಡಿ, ಯಾರು, ಎಷ್ಟು ಗಂಟೆ ಅಂತ ಬರ್ಕೊಳ್ಳಿ. ಇನ್ನೊಂದು. ಬಾಗಿಲು ನೀವಾಗೇ ತೆಗೆದ್ರೋ, ಒಪ್ಪಿಕೊಂಡ ಹಾಗೇ. ಆಮೇಲೆ ನನ್ನ ಹತ್ರ ಬರಬೇಡಿ."

ಅಂದು ಸಂಜೆ ಭಾವನ ಅಡುಗೆಮನೆಯಲ್ಲಿ ಪಾಠ ನಡೆಯಿತು. ಅಕ್ಕ ಸೌಟು ಅಡ್ಡ ಹಿಡಿದು ನಿಂತರು.

"ಏಯ್, ಹಿಂದೆ ನೋಡಬಹುದಾ?"

"ನೋಡಿ... ಅಲ್ಲ. ಬೇಡ ಸಾರ್."

"ಸಾರ್ ಅಂತೆ! ಮೂವತ್ತು ವರ್ಷದಲ್ಲಿ ನನಗೆ ಒಂದಿನ ಈ ಮರ್ಯಾದೆ ಸಿಕ್ಕಿಲ್ಲ. ಬಾಯ್ತುಂಬ ಬೇಡ ಅನ್ನಿ. ನನ್ನ ಮೇಲೇ ಅನ್ನಿ, ಪರವಾಗಿಲ್ಲ."

ಭಾವ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು ಅಂತ ಅಕ್ಕ ನನಗೆ ಕಣ್ಣಲ್ಲೇ ಹೇಳಿದರು. ನಾನೂ ಜೊತೆಗೆ ಬರುತ್ತೇನೆ ಅಂದಾಗ ಮಾತ್ರ ಭಾವನ ಮುಖ ಚಿಕ್ಕದಾಯಿತು. ಹೊರಗಿನವರನ್ನು ಕ್ಯಾಬಿನ್ನಿಗೆ ಹತ್ತಿಸಬಾರದು ಅಂತ ಕಂಪನಿಯ ಕಟ್ಟಪ್ಪಣೆ.

"ಕಾರ್ಖಾನೆ ಗೇಟು ದಾಟಿದ ಮೇಲೆ ಹತ್ಕೋತೀನಿ ಭಾವ. ಸುಮ್ಮನೆ ಕೂತಿರ್ತೀನಿ."

"ನೀನು? ಸುಮ್ಮನೆ?"

ಆದರೂ ಹತ್ತಿಸಿಕೊಂಡರು. ನನಗೂ ಅವರು ಇಲ್ಲ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಸೇತುವೆಯ ಹತ್ತಿರ ಕೈ ಅಡ್ಡ ಬಂತು. ಕಾಗದ ನೋಡಿದ್ದಾಯಿತು. "ಹಿಂದೆ ನೋಡೋಣವಾ?" ಅಂದರು ದಫೇದಾರರು, ದಿನಾ ಕೇಳುವವರ ಹಾಗೆ.

ಭಾವನ ಎರಡೂ ಕೈ ಸ್ಟೇರಿಂಗಿನ ಮೇಲೆ ಅಂಟಿದ್ದವು. "ಬೇಡ ಸಾರ್," ಅಂದರು. ದನಿ ಸಣ್ಣದು, ಆದರೆ ನಡುಗಲಿಲ್ಲ. "ಕಟ್ಟು ಬಿಚ್ಚಿದ್ರೆ ಆಸ್ಪತ್ರೆಯವರು ತಗೊಳ್ಳಲ್ಲ. ನೋಡಲೇಬೇಕು ಅಂದ್ರೆ ಏನು ಕಾರಣ ಅಂತ ಬರೆದುಕೊಡಿ."

ದಫೇದಾರರು ಕೂಗಾಡಲಿಲ್ಲ. ಲೈಸೆನ್ಸನ್ನು ಅಂಗಿಯ ಜೇಬಿಗೆ ಇಳಿಸಿ, "ಆಯ್ತು. ಪಕ್ಕಕ್ಕೆ ಹಾಕಿ," ಅಂದರು.

ಪಕ್ಕಕ್ಕೆ ಹಾಕಿದೆವು. ಮುಂದೆ ಕಬ್ಬಿಣದ ತಡೆ. ಹಿಂದೆ ಸಿಮೆಂಟಿನ ಲಾರಿಯೊಂದನ್ನು ತಂದು ನಿಲ್ಲಿಸಿದರು. ಎಡಕ್ಕೆ ಸೇತುವೆಯ ಗೋಡೆ, ಬಾಗಿಲು ಒಂದು ಗೇಣು ತೆರೆದರೆ ಹೆಚ್ಚು. ದಫೇದಾರರು ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದತೊಡಗಿದರು. ಕಾರಣ ಇದ್ದಿದ್ದರೆ ಆಗಲೇ ಬಿಚ್ಚಿಸುತ್ತಿದ್ದರು. ಇರಲಿಲ್ಲ, ಅದಕ್ಕೇ ಕೂರಿಸಿದರು. ಎಷ್ಟು ಹೊತ್ತು ಕೂರಿಸಬಹುದು ಅಂತ ನಾನು ಗುಮಾಸ್ತನನ್ನು ಕೇಳಿರಲಿಲ್ಲ.

ಒಂಬತ್ತೂವರೆಯ ಹೊತ್ತಿಗೆ ಕ್ಯಾಬಿನ್ನಿನ ತಗಡು ಕಾದ ಕಾವಲಿಯಾಗಿತ್ತು. ಆಸ್ಪತ್ರೆಯಿಂದ ಫೋನು ಬಂತು, ಹನ್ನೊಂದಕ್ಕೆ ಆಪರೇಷನ್ ಇದೆ ಅಂತ. ಮತ್ತೆ ಬಂತು. ಭಾವ, "ಬರ್ತಾ ಇದ್ದೀನಿ ಸಿಸ್ಟರ್," ಅನ್ನುತ್ತಿದ್ದರು. ಗಾಡಿ ಅಂಗುಲವೂ ಅಲುಗಿರಲಿಲ್ಲ.

"ಹತ್ತೂವರೆಗೆ ಇವರ ಪಾಳಿ ಮುಗಿಯುತ್ತೆ," ಅಂದರು ಭಾವ ನನಗೆ, ಕಿವಿಯಲ್ಲಿ ಹೇಳುವ ಹಾಗೆ. "ಹೊಸಬರು ಬಂದ್ರೆ ಬಿಟ್ಬಿಡ್ತಾರೆ. ಹತ್ತು ನಿಮಿಷದ ದಾರಿ. ತಡ್ಕೋ."

ಹತ್ತು ಗಂಟೆ ಐದು ನಿಮಿಷ. ಪೇದೆಯೊಬ್ಬ ನೀರು ಕುಡಿಯುತ್ತಾ ನಮ್ಮ ಕಿಟಕಿಯ ಪಕ್ಕ ಹಾದು ಹೋದವನು ಇನ್ನೊಬ್ಬನಿಗೆ ಹೇಳಿದ, "ಒಳಗೇನೂ ಇಲ್ಲದಿದ್ರೆ ಯಾಕೆ ಮುಚ್ಚಿಡ್ತಾನೆ? ಮುಖ ನೋಡೋ, ಪಳಗಿದ ಕಳ್ಳ."

ಭಾವ ಕೇಳಿಸದವರ ಹಾಗೆ ಮುಂದಕ್ಕೆ ನೋಡುತ್ತಿದ್ದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು.

ನಮ್ಮ ತರಕಾರಿ ಮಾರ್ಕೆಟ್ಟಿನಲ್ಲಿ ಒಂದು ರೂಢಿ ಇದೆ. ಕೆಳಗೆ ಕೊಳೆತದ್ದು ತುಂಬಿದ್ದೀಯ ಅಂತ ಯಾರಾದರೂ ಬಾಯಿ ಬಿಟ್ಟರೆ ನಾವು ವಾದ ಮಾಡುವುದಿಲ್ಲ. ಟಾರ್ಪಾಲು ಕಿತ್ತೆಸೆದು, ಬುಟ್ಟಿ ಬೋರಲು ಹಾಕಿ, ನೋಡು ಬಾ ಅನ್ನುತ್ತೇವೆ. ಅಲ್ಲಿಗೆ ಎದುರಿನವನ ಬಾಯಿ ಬಂದ್. ಇಪ್ಪತ್ತು ವರ್ಷದಿಂದ ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ತಲೆ ಯೋಚಿಸುವ ಮೊದಲೇ ಡ್ಯಾಶ್‌ಬೋರ್ಡಿನ ಮೇಲಿದ್ದ ಹಿಂಬಾಗಿಲಿನ ಕೀಲಿ ನನ್ನ ಮುಷ್ಟಿಯಲ್ಲಿತ್ತು. ಗೋಡೆ ತರಚಿಕೊಂಡು ಇಳಿದು, ಹೋಗಿ, ಎರಡೂ ಬಾಗಿಲು ದಢಾರನೆ ತೆಗೆದೆ.

"ನೋಡ್ರೀ! ಕಣ್ತುಂಬ ನೋಡ್ರೀ! ಯಾವನ್ರೀ ಕಳ್ಳ?"

ಮುಂದಿನಿಂದ ಭಾವನ ದನಿ ಕೇಳಿಸಿತು. "ಬೇಡ! ಅಯ್ಯೋ, ಬೇಡ ಕಣೋ!" ಅವರು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು, ಅದೂ ನನ್ನ ಮೇಲೆ.

ದಫೇದಾರರು ಪೇಪರು ಮಡಚಿ ನಿಧಾನವಾಗಿ ಎದ್ದರು. "ತೆಗೆದದ್ದು ನಿಮ್ಮ ಕಡೆಯವರು. ನಾವು ಮುಟ್ಟಿಲ್ಲ," ಅಂದು ಪೇದೆಯ ಕಡೆ ತಿರುಗಿದರು. "ಬರ್ಕೊಳ್ಳಯ್ಯಾ, ಸ್ವಂತ ಇಚ್ಛೆಯಿಂದ ತೆರೆದು ತೋರಿಸಿದ್ದಾರೆ."

ಆರು ಕಟ್ಟು ಸೀಳಿದರು. ಹಸಿರು ಬಟ್ಟೆ ಬಿಟ್ಟರೆ ಏನಿರಬೇಕು? ಲೈಸೆನ್ಸು ವಾಪಸು ಕೊಟ್ಟು, "ಹೊರಡಿ," ಅಂದರು. ಆಗ ಗಂಟೆ ಹತ್ತೂ ಇಪ್ಪತ್ತು.

ಆ ಲೋಡು ಇನ್ನು ಆಸ್ಪತ್ರೆಗೆ ನಡೆಯುತ್ತಿರಲಿಲ್ಲ, ಭಾವ ಗಾಡಿ ಹಿಂದಕ್ಕೆ ತಿರುಗಿಸಿದರು. ಕಾರ್ಖಾನೆಗೆ ಮೊದಲಿನ ಬಸ್‌ಸ್ಟಾಪಿನಲ್ಲಿ ಗಾಡಿ ನಿಲ್ಲಿಸಿ, "ಇಳ್ಕೋ," ಅಂದರು ಅಷ್ಟೇ. ಒಳಗೆ ಏನಾಯಿತು ಅನ್ನುವುದು ಸಂಜೆ ಅಕ್ಕನಿಂದ ತಿಳಿಯಿತು. ಬಾಗಿಲು ಯಾರು ತೆಗೆದದ್ದು ಅಂತ ಮ್ಯಾನೇಜರು ಕೇಳಿದಾಗ ಭಾವ, "ನಾನೇ," ಅಂದಿದ್ದರು. ಹಾಗೇ ಬರೆದು ಸಹಿ ಹಾಕಿದ್ದರು. ಹಳಬರು ಅಂತ ಕಂಪನಿಯವರು ಮನೆಗೆ ಕಳಿಸದೆ ಬಟ್ಟೆ ಮಡಿಸುವ ಹಾಲಿಗೆ ಹಾಕಿದ್ದರು.

ಆ ಹಾಲನ್ನು ನಾನು ಒಮ್ಮೆ ಗಾಜಿನಾಚೆಯಿಂದ ನೋಡಿದ್ದೇನೆ. ಧೂಳು ಬರುತ್ತದೆ ಅಂತ ಕಿಟಕಿ ಇಲ್ಲ, ನೂಲು ಹಾರುತ್ತದೆ ಅಂತ ಫ್ಯಾನಿಲ್ಲ. ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದು ತೆರೆಯದು. ತಲೆಗೆ ಟೊಪ್ಪಿ, ಮೂಗಿಗೆ ಬಟ್ಟೆ. ರಸ್ತೆಯ ಮೇಲೆ ಗಾಳಿ ಕುಡಿದು ಬದುಕಿದ ಮನುಷ್ಯ ಎಂಟರಿಂದ ಐದರವರೆಗೆ ಉದ್ದ ಮೇಜಿನ ಮುಂದೆ ನಿಂತು ಅಂಚಿಗೆ ಅಂಚು ಸೇರಿಸುತ್ತಿದ್ದರು.

ನೋಡಿ ಬಂದ ವಾರದ ಭಾನುವಾರವೇ ಅವರ ಮನೆಗೆ ಹೋದೆ. "ನಾಳೆ ಮ್ಯಾನೇಜರ ಹತ್ರ ಹೋಗ್ತೀನಿ ಭಾವ. ತೆಗೆದವನು ನಾನು ಅಂತ ಹೇಳ್ತೀನಿ."

"ಹೇಳಿದ್ರೆ?"

"ನಿಮ್ಮ ಗಾಡಿ ನಿಮಗೆ ಕೊಡ್ತಾರೆ."

"ಹೊರಗಿನವನನ್ನ ಕೂರಿಸ್ಕೊಂಡು ಹೋಗಿದ್ದೆ ಅಂತ ಇದನ್ನೂ ಕಿತ್ಕೋತಾರೆ. ಇನ್ನು ನಾಲ್ಕು ವರ್ಷ ಇದೆ ನನಗೆ." ಭಾವ ಕೋಪದಲ್ಲಿರಲಿಲ್ಲ, ದಣಿದಿದ್ದರು. "ನಿನ್ನ ಸಿಟ್ಟಿಗೆ ಗಾಡಿ ಕೊಟ್ಟೆ. ನಿನ್ನ ಒಳ್ಳೇತನಕ್ಕೆ ಇದನ್ನೂ ಕೊಡೋಕಾಗಲ್ಲಪ್ಪ. ಬಾಯಿ ಮುಚ್ಕೊಂಡಿರು."

ಅಕ್ಕ ಟೀ ತಂದಿಟ್ಟರು. ಭಾವ ನನ್ನ ಟೆಂಪೋದ ಕ್ಲಚ್ಚಿನ ವಿಚಾರ ಕೇಳಿದರು. ನಾಲ್ಕು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ, ನಾವು ಕ್ಲಚ್ಚಿನ ವಿಚಾರವನ್ನೇ ಮಾತಾಡಿದೆವು. ಎಲ್ಲರ ಮೇಲೂ ಹಾರಾಡುವ ನನ್ನ ಬಾಯಿ ಆ ಮನೆಯ ಹೊಸ್ತಿಲು ದಾಟಿದರೆ ಹೊಲಿದ ಹಾಗಾಗುತ್ತಿತ್ತು. ಕಂಪನಿಯವರು, ಸ್ಟ್ಯಾಂಡಿನ ಡ್ರೈವರುಗಳು, ನನ್ನ ಹೆಂಡತಿ ಕೂಡ, "ಅಣ್ಣನಿಗೆ ಗಟ್ಟಿತನವಿಲ್ಲ, ಕಡೆಗೂ ಬಾಗಿಲು ತೆಗೆದುಕೊಟ್ಟ," ಅನ್ನುವಾಗ ಪಕ್ಕದಲ್ಲಿ ಕೂತು ಕೇಳಿದ್ದೇನೆ.

ಹೋದ ತಿಂಗಳು ಭಾವನ ಕೆಲಸ ಮುಗಿಯಿತು. ಬರಬೇಕಾದದ್ದೆಲ್ಲ ಕೈಗೆ ಬಂತು ಅಂತ ಅಕ್ಕ ಹೇಳಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ. ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಆ ಮನುಷ್ಯ ಬಾಗಿಲು ತೆಗೆಯದೆ ಕೂತಿದ್ದರು. ತೆಗೆದವನು ನಾನು.