ಆಳಿಲ್ಲದ ಬಸ್ಸು

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ನನಗೆ ಒಳಗೊಳಗೇ ಖುಷಿ. ಬ್ಯಾಗನ್ನು ಅಲ್ಲಿ ಕೂರಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಟ್ಟರೆ ಊರು ಬರುವವರೆಗೆ ಯಾರೂ ಏನೂ ಕೇಳುವುದಿಲ್ಲ. ಚಾಮರಾಜನಗರದ ಗ್ರಂಥಾಲಯವೊಂದರಲ್ಲಿ ದಿನವಿಡೀ ‘ಮೌನವಾಗಿರಿ’ ಎಂಬ ಫಲಕದ ಕೆಳಗೆ ಕೂರುವವಳಿಗೆ ಸಂಜೆಯೂ ಮಾತು ಬೇಡವೇ ಎಂದು ನೀವು ಕೇಳಬಹುದು. ಅಭ್ಯಾಸ ಎಂದುಕೊಳ್ಳಿ. ಮಾತು ಶುರುವಾದರೆ ನನ್ನ ತೊಂದರೆ ಬೇರೆ. ನಮ್ಮ ಕಡೆಯವರು ಹಳ್ಳಿಯನ್ನು ಅಳ್ಳಿ ಎನ್ನುತ್ತಾರೆ, ಹೊಲವನ್ನು ಒಲ ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ನನ್ನ ನಾಲಿಗೆಗೆ ಹಕಾರವನ್ನು ಹೊಲಿದು ಕಳಿಸಿದರು. ಈಗ ನಾನು ಬಾಯಿ ಬಿಟ್ಟರೆ ಊರಿನವರು ಅಧಿಕಾರಿ ಬಂದಂತೆ ಸುಮ್ಮನಾಗುತ್ತಾರೆ.

ಸಂಜೆಯ ನಮ್ಮ ಬಸ್ಸಿನಲ್ಲಿ ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯವರೆಗೆ ಬ್ಯಾಗಿಗೆ ಸೀಟಿರಲಿ, ಕಾಲಿಗೇ ನೆಲ ಸಿಗುವುದಿಲ್ಲ. ಅಲ್ಲಿ ಎಲ್ಲರೂ ಇಳಿದ ಮೇಲೆ ಅದು ಮದುವೆ ಮುಗಿದ ಚಪ್ಪರ. ಮುಂದಿನ ಹಳ್ಳಿಗಳವರು ಜೀಪಿಗೆ ಜೋತುಬೀಳುತ್ತಾರೆ. ಜೀಪು ಕೈ ತೋರಿಸಿದಲ್ಲಿ ನಿಲ್ಲುತ್ತದೆ. ನಗರಗಳ ಜನ ಸ್ವಂತ ಗಾಡಿ ಬಿಟ್ಟು ಬಸ್ಸು, ರೈಲು ಹತ್ತಿದರೆ ಹೊಗೆಯೂ ಕಡಿಮೆ, ಬಸ್ಸಿಗೂ ಬಾಳಿಕೆ ಎಂದು ಪತ್ರಿಕೆಗಳು ಬರೆಯುತ್ತವೆ. ರೈಲಿನ ಮಾತು ಬಿಡಿ; ಚಾಮರಾಜನಗರಕ್ಕೆ ಬಂದ ರೈಲು ಅಲ್ಲೇ ನಿಂತಿದೆ, ನಮ್ಮ ಬೆಟ್ಟಗಳ ಕಡೆ ತಿರುಗಿಯೂ ನೋಡಿಲ್ಲ. ಬಸ್ಸು ಬಾಳುವುದು ಹೇಗೆಂಬ ಲೇಖನಗಳನ್ನೆಲ್ಲ ಓದಿ ಜೋಡಿಸಿಡುವ ನಾನೇ, ಬಸ್ಸು ಖಾಲಿಯಿರಲಿ ಎಂದು ಪ್ರತಿ ಸಂಜೆ ಹಾರೈಸುತ್ತಿದ್ದೆ.

ಹಾರೈಕೆ ಫಲಿಸುವಂತಿತ್ತು. ಈರೋಡಿನ ಬಯಲಿನಿಂದ ಹೊಸ ಕಂಡಕ್ಟರ್ ಬಂದಿದ್ದ. ತಾಳವಾಡಿ ಬಿಡುವಾಗ ಅವನು ಬಾಗಿಲಲ್ಲಿ ನಿಂತು ಒಳಗೊಮ್ಮೆ ನೋಡಿ, ಡ್ರೈವರನಿಗೆ ತಮಿಳಿನಲ್ಲಿ ಕೂಗುತ್ತಿದ್ದ: “ಆಳ್ ಇಲ್ಲೆಣ್ಣೇ!” ಜನ ಇಲ್ಲ ಎಂದು. ಹೀಗೇ ಆದರೆ ಮುಂದಿನ ತಿಂಗಳಿಂದ ಬಸ್ಸು ತಾಳವಾಡಿಯಲ್ಲೇ ನಿಲ್ಲುತ್ತದೆ ಎಂದೂ ಒಮ್ಮೆ ಹೇಳಿದ. ಕತ್ತಲಿಳಿಯುವ ಹೊತ್ತಿಗೆ ನಮ್ಮೂರ ದಾರಿಯಲ್ಲಿ ಆನೆ ದಾಟುತ್ತದೆ. ಬಸ್ಸು ಮನೆತನಕ ತಂದುಬಿಡುವವರೆಗೆ ಮಾತ್ರ ಈ ಕೆಲಸ ಎಂದು ಅಣ್ಣ ಮೊದಲೇ ಹೇಳಿದ್ದ. ಬಸ್ಸು ಹೋದರೆ ಕೆಲಸ ಹೋಯಿತು. ಆಮೇಲೆ ಅತ್ತಿಗೆಯ ಅಡುಗೆಮನೆ, ನನಗೊಂದು ಮಣೆ.

ಆ ಸಂಜೆ ಹಿಂದಿನ ಸೀಟಿನಲ್ಲಿ ಪುಟ್ಟಮ್ಮ ಇದ್ದಳು. ಕೋಸು ಕೊಯ್ಯುವ ಹೆಂಗಸರ ತಂಡವನ್ನು ಹೊಲದಿಂದ ಹೊಲಕ್ಕೆ ಕರೆದೊಯ್ಯುವವಳು. ಅಂದು ಜೀಪು ತಪ್ಪಿತ್ತು.

“ಏನ್ಲಾ ಆಳಿಲ್ಲ ಅಂದಿಯೆ?” ಎಂದಳು ಕಂಡಕ್ಟರನಿಗೆ. “ನಮ್ಮಳ್ಳಿಲಿ ಆಳ್ಗೆ ಬರವಾ? ಯಾವೊಲಕ್ಕೆ ಬೇಕು ಏಳು, ನಾಳೆ ಕರ್ಕಬತ್ತೀನಿ.”

ಅವನಿಗೆ ಅರ್ಧ ಅರ್ಥವಾಯಿತು. “ಸರಿಮ್ಮಾ, ಕೂಟ್ಟಿಟ್ಟು ವಾಂಗೊ,” ಕರೆದುಕೊಂಡು ಬನ್ನಿ ಎಂದು ನಕ್ಕ.

ಬಡಪಾಯಿ ಪದ ಅದು. ತಮಿಳಿನಲ್ಲಿ ಆಳ್ ಎಂದರೆ ಬರೀ ಮನುಷ್ಯ. ನಮ್ಮಲ್ಲಿ ಆಳು ಎಂದರೆ ಕೂಲಿಗೆ ಬಾಗುವವನು; ಅರಸ ಆಳುತ್ತಾನೆ ಎಂದಾಗ ಅದೇ ಪದ ಸಿಂಹಾಸನ ಹತ್ತುತ್ತದೆ. ಇನ್ನು ನಮ್ಮೂರಿನಲ್ಲಿ ಹಕಾರ ಬಿದ್ದುಹೋಗುವುದರಿಂದ ಹಾಳೂ ಆಳೇ. “ಬಸ್ಸು ಆಳಾಯ್ತಂತಲ್ಲ?” ಎಂದು ಅತ್ತಿಗೆ ಕೇಳಿದಾಗ ತಟ್ಟೆ ತೊಳೆಯಲು ಎದ್ದೆ.

ಮರುಸಂಜೆ ತಾಳವಾಡಿಯಲ್ಲಿ ಬಾಗಿಲೇ ಕಾಣದಷ್ಟು ಹೆಂಗಸರು. “ತಕೋ, ಆಳು,” ಎಂದಳು ಪುಟ್ಟಮ್ಮ. “ಕೆಲ್ಸ ಎಲ್ಲಿ?” ಕಂಡಕ್ಟರ್ ಕಕ್ಕಾಬಿಕ್ಕಿಯಾಗಿ ಸೀಟು ತೋರಿಸಿದ. “ಕೂರಾದೇ ಕೆಲ್ಸವಾ? ಬನ್ರೇ, ಇಂಥ ಕೆಲ್ಸ ಬುಟ್ಟಾರಾ!” ಬಸ್ಸೆಲ್ಲ ನಗು. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುವವಳು ನಿಜಕ್ಕೂ ತಪ್ಪು ಕೇಳಿಸಿಕೊಂಡಳೋ, ಬೇಕೆಂದೇ ಆಡಿಸಿದಳೋ ನಾನು ಕೇಳಲಿಲ್ಲ. ಕೇಳುವವಳಲ್ಲ ನಾನು.

“ಇಲ್ಲಿ ಆಳವ್ರಾ ಮೊಗ?” ಎಂದು ನನ್ನ ಬ್ಯಾಗಿನ ಕಡೆ ನೋಡಿದಳು. ಬ್ಯಾಗನ್ನು ಮಡಿಲಿಗೆಳೆದುಕೊಂಡೆ. ಆಮೇಲೆ ಪ್ರತಿ ಸಂಜೆ ಕೋಸಿನ ಹಸಿವಾಸನೆ, ಎಲೆಯಡಿಕೆ, ಯಾರದೋ ಸೊಸೆಯ ದೂರು. ನನಗಿಷ್ಟವಾಯಿತು ಎಂದರೆ ಸುಳ್ಳಾಗುತ್ತದೆ. ತಲೆನೋವು ಬರುತ್ತಿತ್ತು. ಆದರೆ ಪುಟ್ಟಮ್ಮ ನನ್ನ ಭುಜಕ್ಕೆ ಒರಗಿ ತೂಕಡಿಸುವಾಗ ನಾನು ಸರಿಯುತ್ತಲೂ ಇರಲಿಲ್ಲ. ಆ ತಿಂಗಳು ಕಳೆಯಿತು, ಬಸ್ಸು ನಿಲ್ಲಲಿಲ್ಲ.

ಕೋಸಿನ ಕಾಲ ಮುಗಿದು ತಂಡ ಹಾಸನೂರಿನ ಕಡೆ ಹೊರಟುಹೋಯಿತು. ಮತ್ತೆ ಚಪ್ಪರ ಖಾಲಿ. ಬ್ಯಾಗು ಪಕ್ಕದಲ್ಲಿ ಕೂತಿತು. ಈ ಸಲ ಅದು ಬರೀ ಬ್ಯಾಗಿನ ಹಾಗೆ ಕಂಡಿತು.

ನಿನ್ನೆ ತಾಳವಾಡಿಯಲ್ಲಿ ಕಂಡಕ್ಟರ್ ಒಳಗೆ ಬಗ್ಗಿದ. ದೀಪ ಮಂಕಾಗಿತ್ತು, ನಾನು ಎಂದಿನಂತೆ ಕಿಟಕಿಗೆ ಅಂಟಿದ್ದೆ. “ಆಳ್ ಇಲ್ಲೆಣ್ಣೇ, ತಿರುಪ್ಪು!” ಎಂದ. ಡ್ರೈವರ್ ಬಸ್ಸು ತಿರುಗಿಸಲು ಗೇರು ಹಾಕಿಯೇಬಿಟ್ಟ.

ಎದ್ದು ನಿಂತೆ. ಹೊಲಿದ ಹಕಾರ, ಎಂ.ಎ. ವ್ಯಾಕರಣ ಯಾವುದೂ ನೆರವಿಗೆ ಬರಲಿಲ್ಲ.

“ಆಳಿವ್ನಿ ಕಣಣ್ಣ!” ಎಂದು ಕೂಗಿದೆ.

ಯಾವ ಭಾಷೆಯೋ ಅದು, ನನಗೂ ಗೊತ್ತಿಲ್ಲ. ಅವನಿಗೆ ಅರ್ಥವಾಯಿತು. ಬಸ್ಸು ನಮ್ಮೂರ ಕಡೆಗೇ ಹೊರಟಿತು.