ತಗಡಿನ ಮೇಲೆ ಬಿಳಿ ಸುತ್ತು

ವೆಲ್ಡಿಂಗ್ ದೇವರಾಜುವನ್ನು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಕರಾರು ತೆಗೆಯಬಾರದು. ಕುಶಾಲನಗರದಿಂದ ಕೂಡಿಗೆಗೆ ಹೋಗುವ ರಸ್ತೆಯಲ್ಲಿ ಅವನ ಶೆಡ್ಡು. ಬೋರ್ಡಿಲ್ಲ. ಬೇಕಾದವರು ಹುಡುಕಿಕೊಂಡು ಬರಲಿ ಎಂಬ ಕೊಬ್ಬು. ಅಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಜೋಳ, ಶುಂಠಿ ಬೆಳೆದವನು. ಮಗ ಮಣ್ಣು ಬಿಟ್ಟು ಕಬ್ಬಿಣ ಹಿಡಿದ. ಈಗ ಅರವತ್ತು ದಾಟಿದೆ. ಕಣ್ಣು ಸದಾ ಕೆಂಪು, ಬಾಯಿ ಅದಕ್ಕಿಂತ ಕೆಟ್ಟದ್ದು. ಮಧ್ಯಾಹ್ನ ಊಟ ತರುವ ಹೆಂಡತಿ ಸಿದ್ದಮ್ಮನಿಗೂ ಬೈಗುಳ ತಪ್ಪಿದ್ದಲ್ಲ. ಆಕೆಯೂ ಬಿಡುವವಳಲ್ಲ. "ಮೊದ್ಲು ತಿನ್ನು, ಆಮೇಲೆ ಬೈಯಿ, ಆರೋಯ್ತದೆ" ಎಂದು ಡಬ್ಬಿ ಕುಕ್ಕಿ ಹೋಗುತ್ತಾಳೆ.

ಹಳೇ ಲಾರಿ ಒಯ್ದವರನ್ನು ಅವನು ಮೊದಲು ಕೇಳುವುದು, "ಏನ್ ತುಂಬ್ತಿದ್ರಿ?" ಎಂದು. ಉತ್ತರಕ್ಕೆ ಕಾಯುವುದಿಲ್ಲ, ತುಕ್ಕನ್ನು ಬೆರಳಲ್ಲಿ ತಿಕ್ಕಿ ತಾನೇ ಹೇಳುತ್ತಾನೆ. ಗೊಬ್ಬರ ತಿಂದ ತಗಡು ಪುಡಿಪುಡಿಯಾಗುತ್ತದಂತೆ, ಕಾಫಿ ಹಣ್ಣಿನ ರಸ ತಿಂದದ್ದು ಪದರ ಪದರವಾಗಿ ಏಳುತ್ತದಂತೆ. ಅವನ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ಅದೂ ನನಗೆ ಹಿಡಿಸದ ಸಂಗತಿಯೇ.

ನಾನು ಶಿವಪ್ರಕಾಶ್, ದುಬಾರೆ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದೆ. ಹದಿನಾಲ್ಕು ವರ್ಷ ಒಂದೇ ಮಿನಿ ಲಾರಿ. ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳಿಂದ ಹಣ್ಣು ಕೀಳುವ ಪಿಕ್ಕಿಂಗ್ ಹೆಂಗಸರನ್ನು ಮೇಲಿನ ತೋಟಕ್ಕೆ ನಿಲ್ಲಿಸಿಕೊಂಡು ಹೋಗುವುದು, ಸಂಜೆ ಹಣ್ಣಿನ ಚೀಲಗಳ ಜೊತೆ ಕೆಳಗಿಳಿಸುವುದು. ತೋಟದ ಕೆಲಸವನ್ನೆಲ್ಲ ನೋಡಿಕೊಳ್ಳುವ ರೈಟರ್ ಕುಟ್ಟಪ್ಪ, "ಈ ಲಾರಿ ಗುಜರಿಗೆ ಹೋದ ದಿನ ನೀನೂ ಮನೆಗೆ" ಎಂದು ಎರಡು ಸಲ ಹೇಳಿದ್ದರು. ಹಾಗಾಗಿ ಹಿಂದಿನ ಫ್ಲೋರಿನಲ್ಲಿ ಅಂಗೈಯಗಲ ತೂತು ಕಂಡಾಗ ನಾನು ಯಾರಿಗೂ ಹೇಳಲಿಲ್ಲ. ಗೊಬ್ಬರದ ಖಾಲಿ ಚೀಲವೊಂದನ್ನು ಮಡಿಸಿ ಅದರ ಮೇಲೆ ಹಾಸಿದೆ.

ನಾಲ್ಕನೇ ದಿನ, ಗುರುವಾರ, ಏರಿನ ತಿರುವಿನಲ್ಲಿ ಲಿಂಗಿ ಎಂಬ ಹೆಂಗಸಿನ ಕಾಲು ಮೊಣಕಾಲಿನವರೆಗೆ ಫ್ಲೋರಿನೊಳಗೆ ಇಳಿಯಿತು. ಕಿರುಚಾಟ ಕೇಳಿ ಬ್ರೇಕ್ ಹಾಕಿದೆ. ಮೂಳೆ ಉಳಿಯಿತು, ಹನ್ನೊಂದು ಹೊಲಿಗೆ ಬಿತ್ತು. ರೈಟರ್ ಕೇಳಿದಾಗ, "ತಗಡು ಈಗ ತಾನೇ ಒಡೀತು ಸಾರ್" ಎಂದೆ.

ಶುಕ್ರವಾರ ರೈಟರೂ ನಾನೂ ಲಾರಿಯನ್ನು ದೇವರಾಜುವಿನ ಶೆಡ್ಡಿಗೆ ಒಯ್ದೆವು. ಅವನು ಮೇಲೆ ಹತ್ತಿದ. ಒಂದು ಮೂಲೆಯಿಂದ ಸುತ್ತಿಗೆಯಲ್ಲಿ ಕುಟ್ಟುತ್ತಾ ಬಂದು, ಸ್ಕ್ರೂಡ್ರೈವರ್ ಒಳಗಿಳಿದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಒಂದೊಂದು ಸುತ್ತು ಬರೆದ. ಮುಗಿಯುವಷ್ಟರಲ್ಲಿ ಇಪ್ಪತ್ತೇಳು ಸುತ್ತು.

"ಮೇಲೊಂದು ಶೀಟ್ ಹೊಡ್ದು ಪೇಂಟ್ ಬಳಿ ಮಾರಾಯ. ಸೋಮವಾರ ಪಿಕ್ಕಿಂಗ್ ನಿಲ್ಬಾರ್ದು" ಎಂದರು ರೈಟರ್.

"ಪೌಡರ್ ಹಚ್ಚೋಕೆ ಬ್ಯೂಟಿ ಪಾರ್ಲರ್‌ಗೋಗಿ. ಕೆಳಗಡೆ ಅಡ್ಡಪಟ್ಟಿನೇ ಕೊಳ್ತೋಗೈತೆ. ಹೊಸಾ ಶೀಟ್ ಯಾವುದರ ಮ್ಯಾಲೆ ಕೂರ್ತದೆ, ನಿಮ್ಮ ತಲೆ ಮ್ಯಾಲಾ?"

"ಎಷ್ಟು ದಿನ ಬೇಕು?"

"ಪೂರ್ತಿ ಕೊಯ್ದು ಹೊಸದು ಹಾಕ್ಬೇಕು. ಎಂಟು ದಿನ."

"ಎಂಟು ದಿನ ಹಣ್ಣು ಗಿಡದಲ್ಲೇ ಒಣಗ್ಲಾ?"

"ಹಂಗಾದ್ರೆ ನೀವೇ ಹತ್ತಿ ನಿಂತ್ಕಳಿ, ಇವ್ನು ಓಡಿಸ್ಲಿ." ಆಮೇಲೆ ನನ್ನ ಕಡೆ ತಿರುಗಿದ. "ಏನಯ್ಯಾ, ಕಣ್ಣು ಸ್ಟೇರಿಂಗ್ ನೋಡೋಕೆ ಮಾತ್ರನಾ?"

ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ಅವತ್ತೇ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತ್ತು. ರೈಟರ್ ಸಿಟ್ಟಿನಿಂದ ಲಾರಿ ತಿರುಗಿಸಲು ಹೇಳಿದರು. ಸುತ್ತುಗಳನ್ನು ಒರೆಸಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಗಸರು ಹತ್ತಿ ನೋಡಿದರು. ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಸುತ್ತುಗಳ ನಡುವೆ ಕಾಲಿನ ಹೆಬ್ಬೆರಳು ಊರಿಕೊಂಡು, ಪಕ್ಕದ ಕಂಬಿಗೆ ಜೋತುಬಿದ್ದು ತೋಟ ಮುಟ್ಟಿದರು. ಭಾನುವಾರ ಬೇರೆ ಊರಿನ ವೆಲ್ಡರೊಬ್ಬ ಬಂದು ಎಲ್ಲದರ ಮೇಲೂ ಹೊಸ ಶೀಟು ಹೊದಿಸಿ ಕೆಂಪು ಬಣ್ಣ ಬಳಿದ. ಲಾರಿ ಮದುಮಗಳ ಹಾಗೆ ಕಂಡಿತು. ನನ್ನ ಸೀಟು ಉಳಿಯಿತೆಂದು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಸೋಮವಾರ ಒಬ್ಬಳೂ ಹತ್ತಲಿಲ್ಲ. ಅವರಲ್ಲಿ ಹಿರಿಯಳಾದ ಮುದ್ದಿ ಒಳಗೆ ಇಣುಕಿ, "ಆ ಬಿಳೀ ಸುತ್ತೆಲ್ಲ ಎಲ್ಲೋಯ್ತು?" ಎಂದಳು.

"ಹೊಸ ತಗಡು ಹಾಕಿದೀವಲ್ಲ."

"ಅಡೀಲಿ ಅದೇ ಐತಲ್ಲ. ನಾವು ನಡ್ಕಂಡೇ ಹೋಯ್ತೀವಿ."

ಇಪ್ಪತ್ತೆರಡು ಹೆಂಗಸರು ಬುತ್ತಿ ಹಿಡಿದು ಏರು ಹತ್ತತೊಡಗಿದರು. ಖಾಲಿ ಲಾರಿಯನ್ನು ಫಸ್ಟ್ ಗೇರಿನಲ್ಲಿ ಅವರ ಹಿಂದೆ ಓಡಿಸಿದೆ. ಹಾರ್ನ್ ಹೊಡೆದರೂ ಯಾರೂ ತಿರುಗಲಿಲ್ಲ. ಎಲ್ಲರಿಗಿಂತ ಹಿಂದೆ ಲಿಂಗಿ, ಕಾಲಿಗೆ ಬ್ಯಾಂಡೇಜು. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲವೆಂದು ಕುಂಟುತ್ತಲೇ ಹೊರಟಿದ್ದಳು.

"ಮುಂದೆ ಸೀಟಲ್ಲಿ ಕೂತ್ಕೋ ಲಿಂಗಿ" ಎಂದೆ.

ಅವಳು ನಿಲ್ಲಲಿಲ್ಲ. "ಆ ಚೀಲ ಹಾಸಿದ್ದು ನೀನೇ ಅಲ್ವಾ?" ಎಂದಳು.

ನಾನು ಕಣ್ಣನ್ನು ಸ್ಟೇರಿಂಗಿಗೆ ಇಳಿಸಿದೆ.

"ಕಾಲಿನ ಜೊತೆ ಚೀಲನೂ ಇಳೀತು. ರೈಟ್ರು ಬಂದು ಕೇಳುದ್ರು, ಗೊತ್ತಿಲ್ಲ ಅಂದೆ. ನಿಂಗೂ ಮಕ್ಳು ಅವ್ರೆ ಅಂತ. ಇನ್ನೊಂದ್ಸಲ ಹಂಗನ್ನಲ್ಲ, ತಿಳ್ಕೊ."

ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಲಾರಿ ಪಕ್ಕಕ್ಕೆ ನಿಲ್ಲಿಸಿ ರೈಟರಿಗೆ ಫೋನ್ ಮಾಡಿದೆ. ಹೆಂಗಸರು ನಡೆದುಕೊಂಡು ಹೋಗುತ್ತಿರುವುದನ್ನು ಹೇಳಿದೆ, ತೂತು ಮೊದಲೇ ಕಂಡಿದ್ದನ್ನೂ ಮುಚ್ಚಿಟ್ಟಿದ್ದನ್ನೂ ಹೇಳಿದೆ. "ಲಾರಿ ಆ ದೇವರಾಜು ಹತ್ರ ಬಿಡು. ಪೂರ್ತಿ ಕೊಯ್ದು ಹಾಕ್ಲಿ. ಕೀ ಅವ್ನಿಗೇ ಕೊಡು. ನೀನು ನಾಳೆಯಿಂದ ಬರ್ಬೇಡ" ಎಂದು ಕಟ್ ಮಾಡಿದರು.

ಶೆಡ್ಡಿಗೆ ಹೋದಾಗ ದೇವರಾಜು ಕೆಂಪು ಬಣ್ಣ ನೋಡಿ ಕಾರಿ ಉಗಿದ. ಕೀ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಯಾಕೆ ಹೇಳಿದೆನೋ. ಹದಿನಾಲ್ಕು ವರ್ಷದ ಸೀಟು ಕಳಕೊಂಡವನಿಗೆ ಯಾರಾದರೂ ಅಯ್ಯೋ ಅನ್ನಲಿ ಎಂದಿತ್ತು, ಅಷ್ಟೆ.

"ಕೆಲಸ ಹೋಯ್ತು ದೇವರಾಜಣ್ಣ" ಎಂದೆ.

"ಹೋಗಿದ್ದು ಕೆಲಸ ತಾನೆ? ಅವಳ ಕಾಲು ಹೋಗ್ಲಿಲ್ವಲ್ಲ" ಎಂದು ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ, ಕಟರ್ ಚಾಲೂ ಮಾಡಿ ನನಗೆ ಬೆನ್ನು ಹಾಕಿದ.

ಆ ಮಾತಿಗಾಗಿ ಅವನನ್ನು ಇಂದಿಗೂ ಕ್ಷಮಿಸಿಲ್ಲ. ಅದು ಸುಳ್ಳಾಗಿದ್ದರೆ ಎಂದೋ ಕ್ಷಮಿಸುತ್ತಿದ್ದೆ.