ಚಪ್ಪಟೆಯಾದ ತ್ರಿಕೋನ

ಮಂಗಳವಾರ, ಬೆಳಿಗ್ಗೆ ಎಂಟೂಕಾಲು. ವಸಂತನರಸಾಪುರದ ಹೊಸ ಶೆಡ್ಡಿನಲ್ಲಿ ಐದು ಜನ: ಕ್ರೇನ್ ಡ್ರೈವರ್, ಇಬ್ಬರು ಫಿಟ್ಟರ್‌ಗಳು, ಸೂಪರ್‌ವೈಸರ್ ಆದ ನಾನು, ಮತ್ತು ಭಾರ ಎತ್ತಿಸುವ ಮೇಸ್ತ್ರಿ. ಮೇಸ್ತ್ರಿ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಜೋಡಿಸಿ ತ್ರಿಕೋನ ಮಾಡಿ, ಒಂದು ಕಣ್ಣು ಮುಚ್ಚಿ ಅದರೊಳಗಿಂದ ಕ್ರೇನಿನ ಕೊಕ್ಕೆಯನ್ನು ನೋಡುತ್ತಿದ್ದರು. ದಿನವೂ ಹೀಗೆಯೇ. ಕೊಕ್ಕೆಯಿಂದ ಇಳಿದ ಎರಡು ಬೆಲ್ಟು ಯಂತ್ರದ ಎರಡು ತುದಿ ಹಿಡಿದಾಗ ಮೂರು ಬದಿಯೂ ಸಮ ಕಾಣಬೇಕು, ಆಮೇಲೆಯೇ ಎತ್ತಲು ಸೀಟಿ.

ಮೇಸ್ತ್ರಿ ಗುಬ್ಬಿ ಕಡೆಯವರು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವರು. ಕೋನಮಾಪಕ ಕೊಡಲು ಹೋದರೆ, "ನನ್ ಬೆರಳು ಮನೇಲಿ ಮರ್ತು ಬರಕ್ಕಾಗಲ್ಲ ಸಾರ್" ಎಂದು ನಗುತ್ತಿದ್ದರು. ಹೊಸಬರಿಗೆ ಅವರ ಪಾಠ ಒಂದೇ: "ಭಾರ ಅಷ್ಟೇ ಇರ್ತದೆ ಕಣ್ರೋ. ಬೆಲ್ಟು ಗಿಡ್ಡ ಆದ್ರೆ ತ್ರಿಕೋನ ಚಪ್ಪಟೆ ಆಯ್ತದೆ, ಎಳೆತ ಜಾಸ್ತಿ ಆಯ್ತದೆ."

ಅಂದು ಉದ್ದದ ಬೆಲ್ಟುಗಳು ತುಮಕೂರಿನ ಗೋದಾಮಿನಲ್ಲಿದ್ದವು. ಒಂಬತ್ತಕ್ಕೆ ಯಂತ್ರ ತನ್ನ ಜಾಗದಲ್ಲಿ ಕೂರಬೇಕೆಂದು ನಾನು ಕೆಲಸದ ಪಟ್ಟಿಯಲ್ಲಿ ಬರೆದಿದ್ದೆ. ನಾನು ಬರೆದ ಹೊತ್ತು ಎಂದೂ ತಪ್ಪಿದ್ದಿಲ್ಲ. ಗಿಡ್ಡ ಬೆಲ್ಟೇ ಹಾಕಿ ಎಂದೆ.

"ಬ್ಯಾಡ ಸಾರ್."

"ಹಾಕಿ ಅಂದ್ನಲ್ಲ!"

ಅವರು ಜಗಳವಾಡಲಿಲ್ಲ. ಯಂತ್ರ ಓಲಾಡದಂತೆ ಹಗ್ಗ ಹಿಡಿದು ನಿಂತಿದ್ದ ಫಿಟ್ಟರ್‌ಗಳಿಗೆ, "ಆಚೆ ಹೋಗ್ರಲಾ, ನಿಮ್ ಮಕ್ಳಿನ್ನೂ ಚಿಕ್ಕೋರು" ಎಂದು ಎರಡೂ ಹಗ್ಗ ತಾವೇ ಹಿಡಿದು ನಿಂತರು. ಬೆಲ್ಟು ಹರಿದರೆ ಯಂತ್ರ ಅವರ ಮೇಲೇ.

"ಎತ್ಸಿ ಸಾರ್. ಸೀಟಿ ನೀವೇ ಊದಿ."

ಊದಿದೆ. ಯಂತ್ರ ಗೇಣುದ್ದ ಎದ್ದಿತು. ಬೆಲ್ಟಿನಲ್ಲಿ ಚಟ್ಟೆಂದು ಎಳೆ ಹರಿದ ಸದ್ದು. ಮತ್ತೊಂದು. ಆಗಷ್ಟೇ ನಾನು ತಲೆ ಎತ್ತಿ ನೋಡಿದೆ. ತ್ರಿಕೋನವೇ ಇರಲಿಲ್ಲ, ಹೆಚ್ಚುಕಡಿಮೆ ಗೆರೆಯಾಗಿತ್ತು. ಸೀಟಿ ಬಾಯಲ್ಲಿತ್ತು, ಊದಲು ಉಸಿರಿರಲಿಲ್ಲ. ಎರಡೂ ಕೈ ಕೆಳಕ್ಕೆ ಬೀಸಿದೆ. ಡ್ರೈವರ್ ಇಳಿಸಿದ. ನಾನು ನೆಲದ ಮೇಲೇ ಕೂತೆ. ಮೇಸ್ತ್ರಿಯ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ನಿಮ್ಗೂ ಭಯ ಆಯ್ತಾ?" ಎಂದೆ.

"ದಿನಾ ಆಯ್ತದೆ ಸಾರ್. ಅದ್ಕೇ ಅಳೆಯೋದು."

ಹೋದ ವರ್ಷ ಅವರು ಕುಣಿಗಲ್‌ನ ಮಗಳ ಮನೆಯಲ್ಲಿ, ಹಾಸಿಗೆಯಲ್ಲಿ ಮಲಗಿದ್ದಾಗಲೇ ತೀರಿಕೊಂಡರು. ಸುದ್ದಿ ಕೇಳಿ ಅತ್ತುಬಿಟ್ಟೆ. ಹಾಸಿಗೆಯಲ್ಲಿ ಎಂದು ತಿಳಿದಾಗ ಎದೆ ಹಗುರವೂ ಆಯಿತು.

ಆ ಮಂಗಳವಾರ ಉದ್ದದ ಬೆಲ್ಟು ಬಂದು ಯಂತ್ರ ಕೂತಾಗ ಹನ್ನೊಂದು ದಾಟಿತ್ತು. ಎಳೆ ಹರಿದ ಬೆಲ್ಟನ್ನು ಮತ್ಯಾರೂ ಬಳಸದಂತೆ ಕತ್ತರಿಸುವುದು ಮೇಸ್ತ್ರಿಯ ಕೆಲಸ. ಸಂಜೆ ಅವರ ಕೈಯಿಂದ ಚಾಕು ಇಸಕೊಂಡು ನಾನೇ ಕೂತು ಎಂಟು ತುಂಡು ಮಾಡಿದೆ. ಅವರು ಪಕ್ಕದಲ್ಲಿ ನಿಂತು, ಕೊನೆಯ ತುಂಡು ಬೀಳುವವರೆಗೂ ನೋಡಿ, ಸೈಕಲ್ ಹತ್ತಿದರು.